ಎಸ್‌ಜಿ ಟೆಸ್ಟ್ ಚೆಂಡು: ನೂರಕ್ಕೆ ಹೊಲಿಗೆಗೆ 90, ಚರ್ಮಕ್ಕೆ 60

ಎಸ್‌ಜಿ ಕಂಪನಿ ಮೀರತ್‌ನಲ್ಲಿ ತಯಾರಿಸುವ ಈ ಕೆಂಪು ಕ್ರಿಕೆಟ್ ಚೆಂಡು ಭಾರತದ ಟೆಸ್ಟ್‌ಗಳಿಗೂ ರಣಜಿಗೂ ಒಂದೇ. ಇದರ ಬಂಡವಾಳವೆಲ್ಲ ಸೀಮ್, ಅಂದರೆ ಚೆಂಡಿನ ನಡುವೆ ಸುತ್ತಲೂ ಎದ್ದುನಿಂತ ಹೊಲಿಗೆಪಟ್ಟಿ. ಆರು ಸಾಲು ಹೊಲಿಗೆಯೂ ಕೈಯದು. ಆಸ್ಟ್ರೇಲಿಯಾದ ಕೂಕಬುರಾ ಚೆಂಡಿನಲ್ಲಿ ಒಳಗಿನ ಎರಡು ಸಾಲಷ್ಟೇ ಕೈಹೊಲಿಗೆ, ಮಿಕ್ಕ ನಾಲ್ಕು ಯಂತ್ರದ್ದು. ಎಸ್‌ಜಿಯ ದಾರ ದಪ್ಪ, ಸಾಲುಗಳು ಒತ್ತೊತ್ತಾಗಿವೆ. ಹಾಗಾಗಿ ಚರ್ಮ ಸವೆದ ಮೇಲೂ ಸೀಮ್ ಬೆರಳಿಗೆ ಸಿಗುತ್ತದೆ. ಸ್ಪಿನ್ನರ್‌ಗಳಿಗೆ ಇದು ಅಚ್ಚುಮೆಚ್ಚಾಗಿರುವುದು ಅದಕ್ಕೇ.

ವೇಗದ ಬೌಲರ್‌ಗೆ ಲೆಕ್ಕ ಬೇರೆ. ಹೊಸ ಚೆಂಡು ಗಾಳಿಯಲ್ಲಿ ಚೆನ್ನಾಗಿ ತಿರುಗುವುದು ಸುಮಾರು 10–15 ಓವರ್. ಬಲಗೈ ಬ್ಯಾಟರ್‌ಗೆ ಔಟ್‌ಸ್ವಿಂಗ್ (ಗಾಳಿಯಲ್ಲಿ ಅವನಿಂದ ಹೊರಕ್ಕೆ ತಿರುಗುವ ಎಸೆತ) ಬೇಕಿದ್ದರೆ ಸೀಮ್ ಮೊದಲ ಸ್ಲಿಪ್ ಕಡೆ ಓರೆಯಾಗಿರಲಿ, ಮಣಿಕಟ್ಟು ಚೆಂಡಿನ ಹಿಂದೆಯೇ ಇರಲಿ. ಸೀಮ್ ಅಲ್ಲಾಡುತ್ತ ಹೋದರೆ ಸ್ವಿಂಗ್ ಕಡಿಮೆ. ಆದರೆ ಎದ್ದುನಿಂತ ಸೀಮ್ ನೆಲಕ್ಕೆ ಬಡಿದಾಗ ಯಾವ ಕಡೆ ಹೋಗುತ್ತದೆಂದು ಬೌಲರ್‌ಗೇ ತಿಳಿದಿರುವುದಿಲ್ಲ. ಹಸಿ ಪಿಚ್‌ನಲ್ಲಿ ಅದೇ ದೊಡ್ಡ ಅಸ್ತ್ರ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಮೊದಲ ದಿನವನ್ನು ಮಳೆ ನುಂಗಿತು, ಪಿಚ್ ಹೊದಿಕೆಯಡಿ ಕೂತಿತ್ತು. ಮರುದಿನ ಮೋಡದಡಿ ಬ್ಯಾಟಿಂಗ್ ಆಯ್ದುಕೊಂಡ ಭಾರತ 46ಕ್ಕೆ ಗಂಟುಮೂಟೆ ಕಟ್ಟಿತು: ನ್ಯೂಜಿಲೆಂಡ್‌ನ ಮ್ಯಾಟ್ ಹೆನ್ರಿಗೆ 5 ವಿಕೆಟ್, ಓ'ರೂರ್ಕ್‌ಗೆ 4. ಭಾರತದ ಪಿಚ್ ಎಂದರೆ ಸ್ಪಿನ್ ಎಂಬ ಮಾತು ಅವತ್ತು ಪೆವಿಲಿಯನ್‌ನಲ್ಲೇ ಉಳಿಯಿತು.

ಇನ್ನು ದೂರು. ಒಣ ಪಿಚ್, ಒರಟು ಔಟ್‌ಫೀಲ್ಡ್‌ನಲ್ಲಿ ಚರ್ಮ ಬೇಗ ತರಚಿಹೋಗುತ್ತದೆ, ಮೈ ಮೆತ್ತಗಾಗುತ್ತದೆ. ಮೆತ್ತಗಾದ ಚೆಂಡು ಎಷ್ಟೇ ಬಲವಾಗಿ ಹಾಕಿದರೂ ಪುಟಿಯುವುದಿಲ್ಲ, ಎಡ್ಜ್ ಸ್ಲಿಪ್‌ಗೆ ತಲುಪದೆ ಮುಂದೆಯೇ ಬೀಳುತ್ತದೆ. ಐದು ಓವರಿಗೇ ಚೆಂಡು ಸವೆಯುತ್ತಿದೆ ಎಂದು 2018ರಲ್ಲಿ ಕೊಹ್ಲಿ ಬಹಿರಂಗವಾಗಿ ಆಕ್ಷೇಪಿಸಿ ಇಂಗ್ಲೆಂಡಿನ ಡ್ಯೂಕ್ಸ್ ಚೆಂಡು ಬೇಕೆಂದಿದ್ದರು. 2021ರ ಚೆನ್ನೈ ಟೆಸ್ಟ್ ಬಳಿಕವೂ, 60 ಓವರಿನ ಹೊತ್ತಿಗೆ ಸೀಮ್ ಕಿತ್ತುಬರುತ್ತಿದೆ ಎಂಬ ಅಸಮಾಧಾನ ಅವರದು. ಹೊಲಿಗೆಗೆ 100 ಕೊಡದಿರಲು ಕಾರಣ ಇಷ್ಟೇ: ಒಂದೊಂದು ಚೆಂಡು ಒಂದೊಂದು ಥರ. ಕೈಕೆಲಸದ ಗುಣವೂ ಅದೇ, ದೋಷವೂ ಅದೇ.

ಬೇಗ ಸವೆಯುವ ಇದೇ ಚರ್ಮ ರಿವರ್ಸ್ ಸ್ವಿಂಗ್‌ಗೆ (ಹಳೆ ಚೆಂಡು ಎಂದಿನ ದಿಕ್ಕಿಗೆ ಉಲ್ಟಾ ತಿರುಗುವುದಕ್ಕೆ) ವರ. ಒಂದು ಮಗ್ಗುಲು ಒರಟಾಗಿ ಒಣಗಿರಬೇಕು, ಇನ್ನೊಂದು ಹೊಳೆಯಬೇಕು. ಎಂಜಲು ನಿಷೇಧವಾದ್ದರಿಂದ ಬೆವರೇ ಗತಿ. ಕೆಡುವುದು ಹೆಚ್ಚಾಗಿ ಇಲ್ಲೇ: ಒದ್ದೆ ಕೈಯ ಫೀಲ್ಡರ್ ಒಬ್ಬ ಒರಟು ಮಗ್ಗುಲನ್ನು ಅದುಮಿ ಹಿಡಿದರೆ ಅಷ್ಟು ಹೊತ್ತಿನ ಶ್ರಮ ನೀರಿನಲ್ಲಿ ಹೋಮ. ಚೆಂಡು ಒಬ್ಬಿಬ್ಬರ ಕೈಯಲ್ಲೇ ಹೊಳಪು ಕಾಣಲಿ, ಉಳಿದವರು ಸೀಮ್ ಹಿಡಿದು ಎಸೆಯಲಿ. ಎಲ್ಲ ಸರಿಹೋದಾಗ ಏನಾಗುತ್ತದೆಂಬುದಕ್ಕೆ 2024ರ ವಿಶಾಖಪಟ್ಟಣ ಟೆಸ್ಟ್ ಸಾಕ್ಷಿ: ಬೂಮ್ರಾ 45 ರನ್‌ಗೆ 6 ವಿಕೆಟ್, ಇಂಗ್ಲೆಂಡಿನ ಓಲಿ ಪೋಪ್ ಸ್ಟಂಪ್‌ಗಳನ್ನು ಹಾರಿಸಿದ ಆ ಯಾರ್ಕರ್ ಸಮೇತ.

ಕ್ಲಬ್‌ಗೆ ಕೊಳ್ಳುವವರು ಪೆಟ್ಟಿಗೆ ಬಿಚ್ಚಿಸಿಯೇ ನೋಡಿ. ತೂಕ 155.9ರಿಂದ 163 ಗ್ರಾಂ, ಸುತ್ತಳತೆ 22.4ರಿಂದ 22.9 ಸೆಂ.ಮೀ. ಒಳಗಿರಬೇಕು. ಹೆಬ್ಬೆರಳಿನಿಂದ ಸೀಮ್ ಸುತ್ತ ಸವರಿದರೆ ಎತ್ತರ ಎಲ್ಲೂ ತಗ್ಗಬಾರದು, ದಾರದ ತುದಿ ಹೊರಗಿಣುಕಬಾರದು. ಎರಡು ಚರ್ಮದ ತುಂಡು ಕೂಡುವ ಅಡ್ಡ ಹೊಲಿಗೆ ಉಬ್ಬಿದ್ದರೆ ಬೇಡವೆನ್ನಿ, ಮೊದಲು ಬಾಯಿ ಬಿಡುವುದು ಅಲ್ಲೇ. ಮ್ಯಾಟಿಂಗ್ ಮೇಲೆ ಆಡುವವರು ಟೆಸ್ಟ್ ದರ್ಜೆಗೆ ದುಡ್ಡು ಸುರಿಯಬೇಡಿ: ಚಾಪೆಯ ನಾರು ಸೀಮ್ ಅನ್ನು ಕೆಲವೇ ಓವರಿನಲ್ಲಿ ಉಜ್ಜಿಹಾಕುತ್ತದೆ, ಅದಕ್ಕೆ ಅದೇ ಕಂಪನಿಯ ಕ್ಲಬ್ ದರ್ಜೆಯೇ ಸಾಕು.