ನಾಲ್ಕು ಪದ್ಧತಿ, ಎಂಟು ಇಪ್ಪತ್ತನೇ ತಾರೀಖು

ದಾವಣಗೆರೆಯ ಮಂಡಿಪೇಟೆಗೆ ಹತ್ತಿರದ ಒಂದು ಓಣಿಯಲ್ಲಿ, ಮೊದಲ ಮಹಡಿಯ ಮೇಲೆ ನನ್ನ ಪುಟ್ಟ ಕಚೇರಿ ಇದೆ. ನಾನು ಮತ್ತು ಒಬ್ಬ ಸಹಾಯಕ ಹುಡುಗ ಸೇರಿ ನಲವತ್ತೆರಡು ಪಾರ್ಟಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇವೆ. ಹಾರ್ಡ್‌ವೇರ್, ಬಟ್ಟೆ, ಗೊಬ್ಬರ, ಲಾರಿ ಬಿಡಿಭಾಗ, ಹೀಗೆ. ಈ ಕೆಲಸದ ತಾರೀಖುಗಳು ಪಂಚಾಂಗಕ್ಕಿಂತ ಕಟ್ಟುನಿಟ್ಟು: 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ), 11ಕ್ಕೆ ಮಾರಾಟದ ರಿಟರ್ನ್, 15ಕ್ಕೆ ಪಿಎಫ್, 20ಕ್ಕೆ 3ಬಿ, ಅಂದರೆ ತಿಂಗಳ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟುವ ಜಿಎಸ್‌ಟಿ ರಿಟರ್ನ್. ಖರೀದಿಯನ್ನು ತಾಳೆ ನೋಡಲು ಬೇಕಾದ 2ಬಿ ಪಟ್ಟಿ (ಮಾರಿದವರು ತೋರಿಸಿದ ಬಿಲ್ಲುಗಳದು) ಸಿದ್ಧವಾಗುವುದೇ 14ಕ್ಕೆ. ಅಲ್ಲಿಂದ 20ಕ್ಕೆ ಆರೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರವೇ ಇಲ್ಲದ ಶೂನ್ಯ ರಿಟರ್ನ್ ಆದರೆ 20. ಕಟ್ಟಬೇಕಾದ ತೆರಿಗೆ ಉಳಿದಿದ್ದರೆ ಅದರ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ ಬೇರೆ.

ಇಷ್ಟನ್ನೂ ಹತ್ತು ವರ್ಷ ತಲೆಯಲ್ಲೇ ಇಟ್ಟುಕೊಂಡು ಬಂದವಳು ನಾನು. ಕಳೆದ ದೀಪಾವಳಿಯ ಲಕ್ಷ್ಮೀಪೂಜೆಗೆ ಒಂದು ಅಂಗಡಿಗೆ ಹೋದಾಗ, ತಾಂಬೂಲ ಕೊಡುತ್ತಲೇ ಯಜಮಾನರು, ‘ಮೇಡಂ, ಆ ನೋಟಿಸಿಗೆ ಉತ್ತರ ಕೊಟ್ಟಿರಲ್ಲವೇ?’ ಎಂದು ಕೇಳಿದರು. ಕೊಟ್ಟಿರಲಿಲ್ಲ. ನೋಟಿಸು ಬಂದದ್ದೇ ಮರೆತುಹೋಗಿತ್ತು. ಕೊನೆಯ ದಿನ ಇನ್ನೂ ದಾಟಿರಲಿಲ್ಲವಾದ್ದರಿಂದ ಮಾನ ಉಳಿಯಿತು.

ಆ ವಾರವೇ ನಿಶ್ಚಯಿಸಿದೆ: ಕೆಲಸ ಮರೆಯದೆ ಹೊತ್ತಿಗೆ ಸರಿಯಾಗಿ ಮುಗಿಸುವ ನಾಲ್ಕು ಪದ್ಧತಿಗಳನ್ನು ಒಂದೊಂದಾಗಿ ಎರಡೆರಡು ತಿಂಗಳು ನಡೆಸಿ ನೋಡುವುದು. ಮೊದಲ ತಿಂಗಳು ಹೊಸ ಅಗಸನ ಉತ್ಸಾಹವಿರುತ್ತದೆ, ಆದ್ದರಿಂದ ಎರಡನೆಯದೂ ಬೇಕು. ಅಳತೆಗೋಲು ಒಂದೇ. 20ನೇ ತಾರೀಖಿನ ರಾತ್ರಿ ಎಷ್ಟು ಪಾರ್ಟಿಗಳ ಕೆಲಸ ಉಳಿದಿದೆ?

ಮೊದಲಿಗೆ ಪೊಮೊಡೊರೊ. ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯವರು 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ರೂಢಿಸಿಕೊಂಡದ್ದು. ಇಪ್ಪತ್ತೈದು ನಿಮಿಷ ಒಂದೇ ಕೆಲಸ, ಐದು ನಿಮಿಷ ಬಿಡುವು. ನಡುವೆ ಕೆಲಸ ಮುರಿದರೆ ಆ ಇಪ್ಪತ್ತೈದು ನಿಮಿಷ ಲೆಕ್ಕಕ್ಕಿಲ್ಲ. ಈ ಕೊನೆಯ ನಿಯಮವೇ ನನ್ನನ್ನು ಸೋಲಿಸಿತು. ಒಂದು ಸೋಮವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಏಳು ಬಾರಿ ಗಡಿಯಾರ ತಿರುಗಿಸಿದೆ, ಪೂರ್ತಿಯಾದದ್ದು ಒಂದು. ಹನ್ನೊಂದನೇ ನಿಮಿಷಕ್ಕೆ ಬಿಲ್ಲಿನ ಕಟ್ಟು ಹಿಡಿದು ಮೆಟ್ಟಿಲು ಹತ್ತಿ ಬಂದ ಹಿರಿಯರಿಗೆ ‘ಹದಿನಾಲ್ಕು ನಿಮಿಷ ಕೂತಿರಿ’ ಎಂದು ಹೇಳುವ ಧೈರ್ಯ ಈ ಪೇಟೆಯಲ್ಲಿ ಯಾರಿಗೂ ಇಲ್ಲ. ಐದು ನಿಮಿಷದ ಬಿಡುವಿನ ಕಥೆಯೂ ಅಷ್ಟೇ. ಸಂಜೆ ಹುಡುಗ ಮಂಡಕ್ಕಿ, ಮಿರ್ಚಿ ತಂದನೆಂದರೆ ಐದು ನಿಮಿಷದಲ್ಲಿ ಮುಗಿಯುವ ಮಾತೇ ಇಲ್ಲ.

ಆದರೆ ವಿದ್ಯಾನಗರದ ಮನೆಯಲ್ಲಿ ಬೆಳಗಿನ ಐದೂವರೆಯಿಂದ ಏಳೂವರೆಯವರೆಗೆ ಇದೇ ಗಡಿಯಾರ ಬೇರೆಯೇ ಆಟ ಆಡಿತು. ಖರೀದಿ ಬಿಲ್ಲುಗಳನ್ನು 2ಬಿಯೊಂದಿಗೆ ತಾಳೆ ನೋಡುವುದು ಬೇಸರದ, ಒಂಟಿ, ತಲೆತಗ್ಗಿಸಿ ಮಾಡುವ ಕೆಲಸ. ಅದಕ್ಕೆ ಇದಕ್ಕಿಂತ ಒಳ್ಳೆಯ ಚಾಟಿ ನನಗೆ ಸಿಕ್ಕಿಲ್ಲ. ಆದರೂ ನವೆಂಬರ್ 20ಕ್ಕೆ ಒಂಬತ್ತು, ಡಿಸೆಂಬರ್ 20ಕ್ಕೆ ಏಳು ಪಾರ್ಟಿಗಳು ಉಳಿದವು. ಏನು ಮಾಡಬೇಕು ಎಂಬುದನ್ನು ಗಡಿಯಾರ ಹೇಳುವುದಿಲ್ಲವಲ್ಲ.

ಮೊಬೈಲಿನ ಕ್ಯಾಲೆಂಡರಿನಲ್ಲಿ ದಿನವನ್ನು ಬಣ್ಣಬಣ್ಣದ ತುಂಡುಗಳಾಗಿ ಕತ್ತರಿಸಿ, ಪ್ರತಿ ಕೆಲಸಕ್ಕೂ ಗಂಟೆ ಗೊತ್ತುಮಾಡುವ ಎರಡನೇ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾನುವಾರ ರಾತ್ರಿ ನೋಡಲು ರಂಗೋಲಿಯ ಹಾಗಿರುತ್ತಿತ್ತು, ಮಂಗಳವಾರದ ಹೊತ್ತಿಗೆ ಅದರ ಮೇಲೆ ದನ ನಡೆದಂತೆ. ಆಗದ ಕೆಲಸವನ್ನು ನಾಳೆಗೆ ಎಳೆದು ಹಾಕಲು ಒಂದು ಬೆರಳು ಸಾಕು. ಸುಲಭವಾದಷ್ಟೂ ನಾನು ಎಳೆಯುತ್ತಲೇ ಹೋದೆ. ಜನವರಿಯಲ್ಲಿ ಹನ್ನೊಂದು ಉಳಿದವು, ಫೆಬ್ರುವರಿಯಲ್ಲಿ ಎಂಟು. ತನ್ನ ಹೊತ್ತು ತನ್ನ ಕೈಯಲ್ಲಿರುವವರಿಗೆ ಇದು ಹೇಳಿ ಮಾಡಿಸಿದ್ದು. ಪಾಠ ಮಾಡುವ ನನ್ನ ತಂಗಿ ಇದನ್ನೇ ಹೊಗಳುತ್ತಾಳೆ. ಅವಳ ದಿನವನ್ನು ಹೇಗಿದ್ದರೂ ಗಂಟೆ ಬಾರಿಸಿ ಕತ್ತರಿಸಿಕೊಡುತ್ತಾರೆ.

ಮೂರನೆಯದು ಅಮೆರಿಕದ ಡೇವಿಡ್ ಅಲೆನ್ 2001ರ ತಮ್ಮ ಪುಸ್ತಕದಲ್ಲಿ ವಿವರಿಸಿದ, ಜಿಟಿಡಿ (ಗೆಟಿಂಗ್ ಥಿಂಗ್ಸ್ ಡನ್) ಎಂದು ಕರೆಯುವ ಪದ್ಧತಿ. ಇದನ್ನು ಒಂದು ಕೆಲಸಪಟ್ಟಿಯ ಆ್ಯಪ್‌ನಲ್ಲಿ ನಡೆಸಿದೆ. ತಲೆಯಲ್ಲಿರುವುದನ್ನೆಲ್ಲ ಮೊದಲು ಒಂದೆಡೆ ಸುರಿಯುವುದು, ಪ್ರತಿಯೊಂದಕ್ಕೂ ಮುಂದಿನ ಹೆಜ್ಜೆ ಯಾವುದೆಂದು ತೀರ್ಮಾನಿಸುವುದು, ಎಲ್ಲಿ ಯಾವುದರಿಂದ ಮಾಡಬಹುದೋ ಆ ಪಟ್ಟಿಗೆ ಸೇರಿಸುವುದು, ವಾರಕ್ಕೊಮ್ಮೆ ಎಲ್ಲವನ್ನೂ ತಿರುಗಿ ನೋಡುವುದು. ಓದುತ್ತಿದ್ದ ಹಾಗೆ ನಗು ಬಂತು. ನನ್ನ ತಂದೆ ಇದೇ ಮಂಡಿಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಹಗಲೆಲ್ಲ ನಡೆದದ್ದನ್ನು ನಡೆದ ಹಾಗೆ ಕಿರ್ದಿಗೆ ಇಳಿಸುತ್ತಿದ್ದರು, ಸಂಜೆ ಅದನ್ನು ಅವರವರ ಖಾತೆಗೆ ಎತ್ತುತ್ತಿದ್ದರು. ಎತ್ತಿ ಮುಗಿಯುವವರೆಗೆ ಗಾದಿ ಬಿಟ್ಟು ಏಳುತ್ತಿರಲಿಲ್ಲ. ಮನೆಯಲ್ಲಿ ನಾವು ಊಟಕ್ಕೆ ಕಾಯುತ್ತಿದ್ದೆವು. ಅಲೆನ್ ಹೇಳುವುದೂ ಕಿರ್ದಿ, ಖಾತೆಯೇ. ನಾನು ಇಷ್ಟು ದಿನ ಕಿರ್ದಿಯನ್ನಷ್ಟೇ ಬರೆಯುತ್ತಿದ್ದೆ, ಅದೂ ತಲೆಯಲ್ಲಿ.

ಇದರಲ್ಲಿ ನನಗೆ ಚಿನ್ನದಂತೆ ಸಿಕ್ಕಿದ್ದು ‘ಕಾಯುತ್ತಿರುವುದು’ ಎಂಬ ಪಟ್ಟಿ. ನನ್ನ ಕೆಲಸದಲ್ಲಿ ಅರ್ಧ ಕೆಲಸ ನನ್ನದಲ್ಲ. ರಿಟರ್ನ್ ಸಿದ್ಧವಾಗಿರುತ್ತದೆ, ಒಟಿಪಿ ಹೋಗುವುದು ಅಂಗಡಿಯವರ ಮೊಬೈಲಿಗೆ, ಅವರು ಎಪಿಎಂಸಿಯ ಗದ್ದಲದಲ್ಲಿ ಇರುತ್ತಾರೆ ಅಥವಾ ಹರಿಹರದ ಬಸ್ಸಿನಲ್ಲಿ. ಯಾರಿಂದ ಏನು ಬರಬೇಕು, ಯಾವತ್ತು ಕೇಳಿದ್ದೆ ಎಂಬುದು ಒಂದೇ ಕಡೆ ಕಂಡಾಗ, ಕರೆಗಳನ್ನೆಲ್ಲ ಒಟ್ಟಿಗೆ ಮುಗಿಸಲು ಸಾಧ್ಯವಾಯಿತು. ‘ಪೇಟೆ’ ಎಂಬ ಪಟ್ಟಿಯಿಂದ ಸ್ಕೂಟರಿನ ಪೆಟ್ರೋಲೂ ಉಳಿಯಿತು. ಒಂದೇ ಸುತ್ತಿನಲ್ಲಿ ಆರು ಅಂಗಡಿಗಳ ಬಿಲ್ಲು ಕೈಗೆ ಬರುತ್ತಿತ್ತು.

ಎರಡು ನಿಮಿಷದಲ್ಲಿ ಆಗುವುದನ್ನು ಆಗಲೇ ಮಾಡಿ ಮುಗಿಸಿ ಎಂಬ ಅಲೆನ್ ಅವರ ನಿಯಮ ಮಾತ್ರ ನನ್ನನ್ನು ಹಾಳು ಮಾಡಿತು. ಮಾರ್ಚ್‌ನಲ್ಲಿ ಎರಡು ನಿಮಿಷದ ಕೆಲಸಗಳು ಇರುವೆ ಸಾಲಿನಂತೆ ಬರುತ್ತವೆ. ಒಂದನ್ನು ಮುಗಿಸಿ ತಲೆ ಎತ್ತಿದರೆ ಇನ್ನೊಂದು, ಹಾಗೆಯೇ ಮಧ್ಯಾಹ್ನವಾಗುತ್ತಿತ್ತು.

ಮಾರ್ಚ್ 20ಕ್ಕೆ ಮೂರು ಉಳಿದವು. ವರ್ಷದ ಕೊನೆಯ ತಿಂಗಳಲ್ಲಿ ಮೂರು ಎಂದರೆ ಹೆಮ್ಮೆಯೇ. ಏಪ್ರಿಲ್ 20ರ ರಾತ್ರಿ ಪಟ್ಟಿ ಪೂರ್ತಿ ಖಾಲಿ. ಮನೆಯವರಿಗೆಲ್ಲ ಬೆಣ್ಣೆ ದೋಸೆ ಕೊಡಿಸಿದೆ. 24ರ ಬೆಳಿಗ್ಗೆ ಆ್ಯಪ್ ಒಂದು ಪಾರ್ಟಿಯ 3ಬಿಯನ್ನು ‘ಇಂದಿನ ಕೆಲಸ’ ಎಂದು ತೋರಿಸಿತು. ಆ ಪಾರ್ಟಿ ಹಿಂದಿನ ತಿಂಗಳು ಬಿಲ್ಲು ಕೊಟ್ಟದ್ದೇ ತಡವಾಗಿ, ನಾನು ಕೆಲಸ ಮುಗಿಸಿದ್ದು ಮಾರ್ಚ್ 24ಕ್ಕೆ. ಮರುಕಳಿಸುವ ಕೆಲಸವನ್ನು ತಾರೀಖಿನಿಂದ ಎಣಿಸು ಎನ್ನುವ ಬದಲು, ಮುಗಿಸಿದ ದಿನದಿಂದ ಎಣಿಸು ಎಂದು ನಾನೇ ಗುರುತು ಹಾಕಿದ್ದೆ. ನಾಲ್ಕು ದಿನ, 200 ರೂಪಾಯಿ, ನನ್ನ ಕೈಯಿಂದ. ದುಡ್ಡಿಗಿಂತ ಹೆಚ್ಚು ಚುಚ್ಚಿದ್ದು ಆ ಖಾಲಿ ಪಟ್ಟಿ. ಆ್ಯಪ್‌ನಲ್ಲಿ ಮುಂದಿನ ತಾರೀಖಿನದು ಮರೆಯಲ್ಲಿರುತ್ತದೆ, ಕಾಣದಿರುವುದು ಇಲ್ಲವೆಂದೇ ನಂಬಿ ಕುಳಿತಿದ್ದೆ.

ಆ ಸಿಟ್ಟಿನಲ್ಲಿ ಮೇ ತಿಂಗಳಿಗೆ ಪುಸ್ತಕ ಹಿಡಿದೆ. ರೈಡರ್ ಕ್ಯಾರೊಲ್ ಎಂಬ ವಿನ್ಯಾಸಕಾರ 2013ರಲ್ಲಿ ಜನರ ಮುಂದಿಟ್ಟ ಬುಲೆಟ್ ಜರ್ನಲ್. ಕೆಲಸಕ್ಕೆ ಚುಕ್ಕೆ, ಮುಗಿದರೆ ಅದರ ಮೇಲೆ ಅಡ್ಡಗೆರೆಗಳ ಗುರುತು, ಮುಂದಕ್ಕೆ ಹೋದರೆ ಬಾಣದ ತಲೆ. ಇದರ ಹೆಸರಿನಲ್ಲಿ ಜನ ಹೂಬಳ್ಳಿ ಬಿಡಿಸಿ ತೋರಿಸುವ ವಿಡಿಯೊಗಳನ್ನು ನೋಡಿ ಹೆದರಬೇಡಿ. ನನ್ನದು ಗೆರೆ ಹಾಕಿದ 200 ಪುಟದ ಶಾಲಾ ನೋಟುಪುಸ್ತಕ.

ಆಗದ ಕೆಲಸವನ್ನು ಇಲ್ಲಿ ಬೆರಳಿನಿಂದ ಎಳೆಯಲಾಗುವುದಿಲ್ಲ, ಮತ್ತೆ ಬರೆಯಬೇಕು. ‘ಗೊಬ್ಬರದ ಅಂಗಡಿಯ ಹಳೆಯ ಬಾಕಿ ಕೇಳುವುದು’ ಎಂದು ಮೂರನೇ ಸಲ ಬರೆಯುವಾಗ ನನಗೇ ನಾಚಿಕೆಯಾಗಿ ಪೆನ್ನು ಕೆಳಗಿಟ್ಟು ಫೋನ್ ಎತ್ತಿದೆ. ಕ್ಯಾಲೆಂಡರಿನ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ ಈ ಬರೆಯುವ ಶ್ರಮದಲ್ಲಿಯೇ ಇದೆ ಎಂದು ನನ್ನ ಎಣಿಕೆ.

ನಲವತ್ತೆರಡು ಹೆಸರುಗಳನ್ನು ಪ್ರತಿ ರಿಟರ್ನಿಗೂ ಮತ್ತೆ ಬರೆಯುವುದು ಮಾತ್ರ ಹುಚ್ಚು ಕೆಲಸ. ಮೊದಲ ವಾರವೇ ಕೈ ಬಿಟ್ಟು, ದೊಡ್ಡ ಹಾಳೆಯ ಮೇಲೆ ಚೌಕಗಳನ್ನು ಹಾಕಿ ಗೋಡೆಗೆ ಅಂಟಿಸಿದೆ. ಎಡಗಡೆ ಪಾರ್ಟಿ, ಮುಂದೆ ‘ಬಿಲ್ಲು ಬಂತು’, ‘ಮಾರಾಟ’, ‘ತಾಳೆ’, ‘ಒಟಿಪಿ’, ‘3ಬಿ’. ತುಂಬದ ಚೌಕ ಬಾಗಿಲಿನಿಂದಲೇ ಕಾಣುತ್ತದೆ. ಮೆಟ್ಟಿಲು ಹತ್ತಿ ಬಂದವರಿಗೂ ಕಾಣುತ್ತದೆ. ತಮ್ಮ ಹೆಸರಿನ ಮುಂದೆ ಖಾಲಿ ಇರುವುದನ್ನು ನೋಡಿ ಇಬ್ಬರು ಅದೇ ಸಂಜೆ ಬಿಲ್ಲು ಕಳುಹಿಸಿದರು. (ಮೂರನೆಯವರು ಬೇಸರ ಮಾಡಿಕೊಂಡರು. ಈಗ ಹೆಸರಿನ ಬದಲು ಸಂಖ್ಯೆ ಬರೆಯುತ್ತೇನೆ.) ಮೇ, ಜೂನ್ ಎರಡರಲ್ಲೂ ಎರಡೆರಡು ಉಳಿದವು, ನಾಲ್ಕೂ ಬಿಲ್ಲೇ ಕೊಡದವರದು.

ಪುಸ್ತಕದ ಕೊರತೆಯೂ ಸಣ್ಣದಲ್ಲ. ಅದು ಗಂಟೆ ಬಾರಿಸುವುದಿಲ್ಲ, ಮನೆಯಲ್ಲಿ ಮರೆತು ಬಂದರೆ ದಿನವೇ ಕುರುಡು, ಹಿಂದಿನ ತಿಂಗಳ ಮಾತನ್ನು ಹುಡುಕಲು ಪುಟ ತಿರುವಬೇಕು. ಹಾಗಾಗಿ 7, 11, 15, 20 ಎಂಬ ಆ ನಾಲ್ಕು ತಾರೀಖುಗಳನ್ನು ಮಾತ್ರ ಫೋನಿಗೆ ಒಪ್ಪಿಸಿದ್ದೇನೆ, ಎರಡು ದಿನ ಮುಂಚೆ ಕೂಗುವಂತೆ. ಶನಿವಾರ ಸಂಜೆ ಅಪ್ಪನ ಹಾಗೆ ಏಳದೆ ಕುಳಿತು ಖಾತೆಗೆ ಎತ್ತುತ್ತೇನೆ; ಒಂದು ಗಂಟೆ ಹಿಡಿಯುತ್ತದೆ. ಬೆಳಗಿನ ಟೊಮೆಟೊ ಗಡಿಯಾರವೂ ಉಳಿದಿದೆ. ಆ್ಯಪ್ ತೆಗೆದುಹಾಕಿದೆ. ಹೊರಗೆ ಓಡಾಡುವ ಕೆಲಸವೇ ಹೆಚ್ಚಿದ್ದಿದ್ದರೆ ತೆಗೆಯುತ್ತಿರಲಿಲ್ಲವೇನೋ.

ರಾತ್ರಿ ಹತ್ತೂವರೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದು ಬೀಳುವ ಬಿಲ್ಲಿನ ಚಿತ್ರಗಳಿಗೆ ಈ ನಾಲ್ಕರಲ್ಲಿ ಯಾವುದೂ ಜಾಗ ಕೊಡಲಿಲ್ಲ. ಈ ವಾರದಿಂದ ಅವನ್ನು ಸಹಾಯಕ ಹುಡುಗನಿಗೆ ವಹಿಸಿದ್ದೇನೆ: ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ತೆರೆದು ಗೋಡೆಯ ಹಾಳೆಗೆ ಗುರುತು ಹಾಕಬೇಕು. ಮೊದಲ ದಿನ ಅವನಿಗೆ ಸಿಕ್ಕಿದ್ದು ಮಸುಕಾದ ಹದಿನಾಲ್ಕು ಬಿಲ್ಲು, ಒಂದು ಮದುವೆಯ ಕರೆಯೋಲೆ.