ಸ್ಯಾನ್ ಸೆಬಾಸ್ಟಿಯನ್‌ನ ಹಳೆಯ ಚೌಕ: ಸಂಖ್ಯೆ ಹೊತ್ತ ಬಾಲ್ಕನಿಗಳು

ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದರ ಮೂಲಕ ಉತ್ತರ ಸ್ಪೇನ್‌ಗೆ ಹೋಗಿದ್ದಾಗ, ಕಡಲತೀರದ ಸ್ಯಾನ್ ಸೆಬಾಸ್ಟಿಯನ್ ನಗರದ ಪ್ಲಾಸಾ ದೆ ಲಾ ಕಾನ್ಸ್ತಿತುಸಿಯೋನ್ ಎಂಬ ಚೌಕ ನೋಡಲು ನಮಗೆ ಸಿಕ್ಕಿದ್ದು ಬರೀ ನಲವತ್ತು ನಿಮಿಷ. ಅದರಲ್ಲೂ ಅರ್ಧ ಬಸ್ಸಿಗೆ ಕಾಯುವುದರಲ್ಲೇ ಕಳೆಯಿತು. ಆದ್ದರಿಂದ ಮರುದಿನ ಬೆಳಿಗ್ಗೆ ತಂಡವನ್ನು ಬಿಟ್ಟು ನಾನೊಬ್ಬನೇ ಮತ್ತೆ ಹೋದೆ.

ಕಮಾನುಗಳ ಮೇಲೆ ಸಾಲುಸಾಲಾಗಿ ನಿಂತ ಬಾಲ್ಕನಿಗಳ ಪ್ರತಿ ಬಾಗಿಲಿನ ನೆತ್ತಿಯ ಮೇಲೂ ಒಂದೊಂದು ಸಂಖ್ಯೆ ಇದೆ. ಮನೆಯ ನಂಬರಿರಬೇಕೆಂದು ನಾನು ಭಾವಿಸಿದ್ದೆ. ಆದರೆ ಈ ಚೌಕದಲ್ಲಿ ಹಿಂದೆ ಗೂಳಿಕಾಳಗ ನಡೆಯುತ್ತಿದ್ದಾಗ ಬಾಲ್ಕನಿಗಳೇ ಪ್ರೇಕ್ಷಕರ ಆಸನಗಳಾಗಿದ್ದು, ಆ ಕಾಲದ ಗುರುತಾಗಿ ಈ ಅಂಕಿಗಳು ಉಳಿದಿವೆ. ಅಂದರೆ ಮನೆ ಒಬ್ಬರದು, ಜಗಲಿಯ ಟಿಕೆಟ್ ಇನ್ನೊಬ್ಬರದು! ನೆಪೋಲಿಯನ್ನನ ಸೇನೆಯಿಂದ ನಗರವನ್ನು ಬ್ರಿಟಿಷ್ ಮತ್ತು ಪೋರ್ಚುಗೀಸ್ ಪಡೆಗಳು ವಶಪಡಿಸಿಕೊಂಡ 1813ರ ಆಗಸ್ಟ್ 31ರಂದು ಹೊತ್ತಿಕೊಂಡ ಬೆಂಕಿಗೆ ಊರಿನ ಬಹುಭಾಗ ಬಲಿಯಾದ ಬಳಿಕ, ವಾಸ್ತುಶಿಲ್ಪಿ ಉಗಾರ್ತೆಮೆಂದಿಯಾ ಅವರ ವಿನ್ಯಾಸದಂತೆ ಈ ಚೌಕ ಮರುಹುಟ್ಟು ಪಡೆಯಿತು. ಇಲ್ಲಿದ್ದ ನಗರಸಭೆ 1947ರಲ್ಲಿ ಹಳೆಯ ಕ್ಯಾಸಿನೊ ಕಟ್ಟಡಕ್ಕೆ ಸ್ಥಳಾಂತರಗೊಂಡಿತು.

ಪ್ರವೇಶ ಶುಲ್ಕವಿಲ್ಲ. ಕಮಾನಿನಡಿಯ ಹೋಟೆಲುಗಳ ಪಿಂಚೋಸ್ ಎಂಬ ಸಣ್ಣ ತಿನಿಸುಗಳಲ್ಲಿ ಮೀನು, ಹಂದಿಮಾಂಸ ಸಾಮಾನ್ಯವಾದ್ದರಿಂದ ಸಸ್ಯಾಹಾರಿಗಳು ಕೇಳಿಯೇ ತಿನ್ನುವುದು ಲೇಸು. ಆಲೂಗಡ್ಡೆಯ ತೋರ್ತಿಯಾ ಎಂಬ ಸ್ಪ್ಯಾನಿಷ್ ಆಮ್ಲೆಟ್‌ನಲ್ಲೂ ಮೊಟ್ಟೆ ಇರುತ್ತದೆ. ಕಾಫಿ ಚೆನ್ನಾಗಿದೆ, ಆದರೆ ಗಾಂಧಿ ಬಜಾರಿನ ನೊರೆ ಇಲ್ಲ. ಸಾಧ್ಯವಾದರೆ ಜನವರಿ 20ಕ್ಕೆ ಹೋಗಿ: ತಂಬೊರ್ರಾದಾ ಹಬ್ಬಕ್ಕೆ ಇದೇ ಚೌಕದಲ್ಲಿ ನಡುರಾತ್ರಿ ಧ್ವಜವೇರಿಸಿ, ಇಡೀ ದಿನ ಡೋಲು ಬಾರಿಸುತ್ತಾರೆ.