ದೋಣಿಯ ಒಳಗಿನ ಎಲ್‌ಇಡಿ ಲೈಟು: ಎರಡು ಮಳೆಗಾಲ ಕಳೆದ ಮೇಲೆ

ಈ ಲೈಟು ತಗೊಂಡು ಎರಡು ಮಳೆಗಾಲ ಆಯಿತು. ನಾಲ್ಕರ ಸೆಟ್ಟು, 2,600 ರೂಪಾಯಿ. ಅಳತೆ, ಲ್ಯೂಮೆನ್ನು ಎಲ್ಲ ಡಬ್ಬಿಯ ಮೇಲೇ ಇದೆ, ನೋಡಿಕೊಳ್ಳಿ. ಕಂಪನಿಯ ಹೆಸರು ಬರೆಯುತ್ತಿಲ್ಲ. ಒಂದೇ ಮಾಲು ಹತ್ತು ಹೆಸರಿನಲ್ಲಿ ಮಾರಾಟ ಆಗುತ್ತದೆ. ಗುಂಡನೆಯ ಬಿಳಿ ತಟ್ಟೆ, ನಡುವೆ ಮುಟ್ಟುವ ಸ್ವಿಚ್ಚು, ಒತ್ತಿ ಹಿಡಿದರೆ ಕೆಂಪು ಬೆಳಕು. ಇಷ್ಟು ಹೇಳಿದರೆ ಬೇಕಾದವರಿಗೆ ಗೊತ್ತಾಗುತ್ತದೆ.

ಕಳೆದ ಜನವರಿಯಲ್ಲಿ ಇದಕ್ಕೆ ಒಂದು ಸ್ಟಾರ್ ಕೊಟ್ಟು ಸಿಟ್ಟಿನಲ್ಲಿ ನಾಲ್ಕು ಸಾಲು ಗೀಚಿದ್ದೆ. ಮಿಣುಕುತ್ತದೆ. ಉಪ್ಪುಗಾಳಿ ತಡೆಯೋದಿಲ್ಲ. ಬದಲಿಗೆ ಕಳಿಸಿದ್ದೂ ಅದೇ ಹಣೆಬರಹ. ರೇಡಿಯೋ ಕೇಳಲು ಬಿಡೋದಿಲ್ಲ. ಈಗ ನೋಡಿದರೆ ಇದರಲ್ಲಿ ಮೂರು ಸಾಲು ತಪ್ಪು, ಒಂದು ಮಾತ್ರ ನಿಜ.

ಮೊದಲು ದೋಣಿಯ ವಿಷಯ. ಗೋವಾದಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದ 22 ಅಡಿಯ ಹಾಯಿದೋಣಿ. ನಾನು ಮತ್ತು ಭಾವ ಸೇರಿ ತಗೊಂಡದ್ದು. ಅವನದು ಮುಕ್ಕಾಲು ದುಡ್ಡು, ನನ್ನದು ಮುಕ್ಕಾಲು ಕೆಲಸ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾದವ, ಊರು ಸಿರ್ಸಿ ಕಡೆ. ಅಡಿಕೆ ತೋಟ ಬಿಟ್ಟು ಕಡಲಿಗೆ ಬಂದೆ ಅಂತ ಮನೆಯಲ್ಲಿ ಈಗಲೂ ನಗುತ್ತಾರೆ. ಪೆನ್ಶನ್ ದುಡ್ಡಲ್ಲಿ ದೋಣಿ ಸಾಕುವವನಿಗೆ ವಿದೇಶಿ ಲೈಟು ಸಾಧ್ಯ ಇಲ್ಲ ಅಲ್ವಾ? ಅಲ್ಲಿನ ಒಂದು ಲೈಟಿನ ಬೆಲೆಗೆ ಇಲ್ಲಿ ನಾಲ್ಕು ಬರುತ್ತದೆ. ಅದಕ್ಕೇ ಇದು.

ಮುಂಚೆ ಒಳಗೆ ಹತ್ತು ವ್ಯಾಟಿನ ಹಳೇ ಬಲ್ಬು ನಾಲ್ಕಿದ್ದವು. ಎಲ್ಲ ಹಚ್ಚಿದರೆ ಮೂರು ಆಂಪಿಯರಿಗಿಂತ ಜಾಸ್ತಿ ಎಳೆಯುತ್ತಿದ್ದವು. ಕೆಳಗೆ ಕೂತರೆ ತಲೆ ಕಾಯುತ್ತಿತ್ತು. ಈ ಎಲ್‌ಇಡಿ ಒಂದಕ್ಕೆ ಮೂರು ವ್ಯಾಟು, ನಾಲ್ಕೂ ಸೇರಿ ಹೆಚ್ಚುಕಡಿಮೆ ಒಂದು ಆಂಪಿಯರು. ಮೇಲೆ ಕೂರಿಸಿದ ಸಣ್ಣ ಸೋಲಾರ್ ಪ್ಲೇಟು ಹಗಲಲ್ಲಿ ಅಷ್ಟನ್ನು ಆರಾಮವಾಗಿ ತುಂಬಿಸುತ್ತದೆ.

ಮೊದಲ ಮಳೆಗಾಲದ ತನಕ ಇದು ನನಗೆ ಕೊಟ್ಟ ಖುಷಿ ಹೇಳಿ ಮುಗಿಯೋದಿಲ್ಲ. ದೋಣಿ ಇರುವುದು ಕಾರವಾರದ ಕಾಳಿ ನದಿಯಲ್ಲಿ, ಕೋಡಿಬಾಗದ ದಡದ ಹತ್ತಿರ. ಹಾಯಿಕಂಬ ಎತ್ತರ ಇರುವುದರಿಂದ ಸೇತುವೆ ದಾಟಿ ಒಳಗೆ ಹೋಗುವ ಹಾಗಿಲ್ಲ, ಏನಿದ್ದರೂ ಕಡಲ ಕಡೆಗೇ. ಸಂಜೆ ಐದೂವರೆಗೆ ಪಾತಿ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗುತ್ತೇನೆ. ಮಧ್ಯಾಹ್ನದಿಂದ ಬೀಸಿದ ಕಡಲಗಾಳಿ ಅಷ್ಟು ಹೊತ್ತಿಗೆ ಇಳಿದಿರುತ್ತದೆ. ಸ್ಟೋವು ಹಚ್ಚಿ ಪಾತ್ರೆಯಲ್ಲಿ ನೀರಿಡುತ್ತೇನೆ. ಮನೆಯಿಂದ ಪೊಟ್ಟಣ ಕಟ್ಟಿ ತಂದ ಕಷಾಯದ ಪುಡಿ, ಬೆಲ್ಲ, ಕಡೆಗೆ ಹಾಲು. ಅದು ಕುದಿಯುವ ತನಕ ಲೈಟು ಹಚ್ಚೋದಿಲ್ಲ, ಅದು ನನ್ನ ಕಟ್ಟಳೆ. ಕುದಿ ಬಂದ ಮೇಲೆ ಸ್ಟೋವಿನ ಮೇಲಿನ ಲೈಟನ್ನು ಒಂದು ಬೆರಳಲ್ಲಿ ಮುಟ್ಟಬೇಕು. ಹಳದಿ ಛಾಯೆಯ ಬಿಳಿ ಬೆಳಕು ಹಲಗೆಯ ಮೇಲೆ ಬೀಳುತ್ತದೆ. ಲೋಟದಿಂದ ಏಳುವ ಹಬೆ ಕಾಣುತ್ತದೆ. ಆಮೇಲೆ ಆಕಾಶವಾಣಿ ಕಾರವಾರ. ಇಷ್ಟಕ್ಕೇ ದೋಣಿಯಾ ಅಂತ ಕೇಳಿದರೆ, ಹೌದು, ಇಷ್ಟಕ್ಕೇ.

ಮಳೆಗಾಲದಲ್ಲಿ ದೋಣಿ ದಡದ ಮೇಲೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವ ಹಾಗಿಲ್ಲ. ಆ 61 ದಿನ ಬೈತಖೋಲದ ಬಂದರಿನಲ್ಲಿ ಬೋಟುಗಳದ್ದೇ ಸಂತೆ. ನಮ್ಮದು ಮೀನು ಹಿಡಿಯುವ ದೋಣಿ ಅಲ್ಲ, ಆದರೂ ಅವರು ಎಳೆದಾಗಲೇ ನಾವೂ ಎಳೆದು ತಾಡಪಾಲು ಕಟ್ಟುತ್ತೇವೆ. ಇಳಿಸುವುದು ಸೆಪ್ಟೆಂಬರ್ ಕೊನೆಗೆ. ಅಲ್ಲಿಯವರೆಗೆ ಒಳಗೆ ಬೂಸ್ಟು, ಪುಸ್ತಕದ ಹಾಳೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗೆ.

ಹೀಗೆ ಇಳಿಸಿದ ಮೊದಲ ವಾರವೇ ಶುರುವಾಯಿತು. ಒಂದು ಲೈಟು ಹಚ್ಚಿದರೆ ಸರಿ. ಎರಡು, ಸರಿ. ಮೂರೂ ಸರಿ. ನಾಲ್ಕನೆಯದನ್ನು ಮುಟ್ಟಿದ ಕೂಡಲೇ ನಾಲ್ಕೂ ಒಟ್ಟಿಗೆ ಮಿಣುಕಲು ಶುರು. ಯಾವುದಾದರೂ ಒಂದನ್ನು ಆರಿಸಿದರೆ ಮತ್ತೆ ಶಾಂತ. ನಾಲ್ಕನೆಯದೇ ಕೆಟ್ಟಿದೆ ಅಂತ ನಾನು ತೀರ್ಮಾನ ಮಾಡಿದೆ. ಮಾರಿದವರಿಗೆ ಬರೆದೆ. ಪಾಪ, ತಕರಾರಿಲ್ಲದೆ ಬೇರೆಯದು ಕಳಿಸಿದರು. ಹಾಕಿದೆ. ಮತ್ತೆ ಅದೇ ಕತೆ.

ತಮಾಷೆ ಎಂದರೆ ಹಗಲಲ್ಲಿ ನಾಲ್ಕೂ ಚೆನ್ನಾಗಿ ಉರಿಯುತ್ತಿದ್ದವು. ಭಾವ ಭಾನುವಾರ ಮಧ್ಯಾಹ್ನ ಬಂದು ಪಟಪಟ ಹಚ್ಚಿ ತೋರಿಸಿ, "ಎಂತ ಆಗಿದೆ ಇದಕ್ಕೆ? ನಿಂಗೆ ಕನ್ನಡಕ ಬದಲು ಮಾಡ್ಬೇಕು" ಅಂದ. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಜ್ವರ ಬಿಡುತ್ತದಲ್ಲ, ಹಾಗೆ. ಒಂದು ಲೈಟನ್ನು ಬಿಚ್ಚಿ ಮನೆಗೆ ತಂದು ಸ್ಕೂಟರಿನ ಬ್ಯಾಟರಿಗೆ ಕೊಟ್ಟೆ. ಬೆಳಗಿನ ತನಕ ಕದಲದೆ ಉರಿಯಿತು.

ಮಲ್ಟಿಮೀಟರು ನನ್ನ ಹತ್ತಿರ ಇದೆ. ಲೈಟು ಬಿಚ್ಚಿ ಅದರ ವೈರಿನ ತುದಿಗೆ ಹಿಡಿದೆ. 12.6 ವೋಲ್ಟ್. ಬ್ಯಾಟರಿಯಲ್ಲೂ 12.6. ವೈರಿಂಗಿನಲ್ಲಿ ಏನೂ ದೋಷ ಇಲ್ಲ, ದೋಷ ಲೈಟಿನದೇ ಅಂತ ಮುಚ್ಚಿಬಿಟ್ಟೆ. ಈ ತಪ್ಪು ನೀವು ಮಾಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜನವರಿಯಲ್ಲಿ ಕೂರ್ಮಗಡದ ನರಸಿಂಹ ದೇವರ ಜಾತ್ರೆ. ಆ ದಿನ ದ್ವೀಪಕ್ಕೆ ಬೋಟುಗಳ ಸಾಲೇ ಸಾಲು. ನಾವೂ ಹೋಗಿ ಬಂದು, ಕತ್ತಲಾಗುವ ಹೊತ್ತಿಗೆ ಸ್ವಲ್ಪ ದೂರದಲ್ಲಿ ಲಂಗರು ಹಾಕಿದೆವು. ಒಳಗೆ ಭಾವನ ಮನೆಯವರು, ಮಕ್ಕಳು, ಬುತ್ತಿ ಬಿಚ್ಚುವ ಗಡಿಬಿಡಿ. ಯಾರೋ ಒಬ್ಬರು ನಾಲ್ಕನೇ ಲೈಟು ಮುಟ್ಟಿದರು. ಶುರುವಾಯಿತು ಕುಣಿತ. ಮಕ್ಕಳಿಗೆ ಖುಷಿಯೋ ಖುಷಿ. ನನ್ನ ಹೆಂಡತಿ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡೇ, "ಜಾತ್ರೆಯ ಸೀರಿಯಲ್ ಸೆಟ್ಟು ಇಲ್ಲಿಗೂ ತಂದು ಹಾಕಿದ್ರಾ?" ಅಂದಳು. ಒಂದು ಸ್ಟಾರ್ ಬರೆದದ್ದು ಅವತ್ತು ರಾತ್ರಿ.

ಫೆಬ್ರವರಿಯಲ್ಲಿ ಬೈತಖೋಲದಲ್ಲಿ ಟ್ರಾಲ್ ಬೋಟುಗಳ ವೈರಿಂಗ್ ಮಾಡುವ ಒಬ್ಬರನ್ನು ಕರೆದೆ. ಹಗಲು ಪುರುಸೊತ್ತಿಲ್ಲ ಅಂತ ಏಳು ಗಂಟೆಗೆ ಬಂದರು. ಅದೇ ಒಳ್ಳೆಯದಾಯಿತು. ಹಗಲು ಬಂದಿದ್ದರೆ ಅವರಿಗೂ ಏನೂ ಕಾಣುತ್ತಿರಲಿಲ್ಲ. ನಾನು ಮೀಟರಿನ ಕತೆ, ಬದಲಿ ಲೈಟಿನ ಕತೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಮಾಸ್ತರೇ, ಲೈಟಿಗ್ಯಾಕೆ ಬೈತ್ರಿ? ಕರೆಂಟು ಹೋಗೂ ದಾರಿ ನೋಡಿದ್ರಿ. ಬರೂ ದಾರಿ ನೋಡಿದ್ರಾ?" ಅಂದರು.

ಮೂವತ್ತು ವರ್ಷ ಬೋರ್ಡಿನ ಮೇಲೆ ಬ್ಯಾಟರಿ ಬರೆದು, ಬಲ್ಬು ಬರೆದು, ತಿರುಗಿ ಬ್ಯಾಟರಿಗೇ ಬರುವ ಬಾಣ ಎಳೆದವನು ನಾನು. ಸುಮ್ನೆ ಕೂತೆ.

ಅವರು ಮಾಡಿದ್ದು ಇಷ್ಟೇ. ಮೂರು ಲೈಟು ಹಚ್ಚಿ, ಅವು ಉರಿಯುತ್ತಿರುವಾಗಲೇ ಅಳೆದರು. ಬ್ಯಾಟರಿಯಲ್ಲಿ 12.5, ಲೈಟಿನ ಹತ್ತಿರ 9.1. ನಡುವೆ 3.4 ವೋಲ್ಟ್ ಮಾಯ. ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಲೈಟಿನ ಪ್ಲಸ್ಸಿಗೂ ಹಿಡಿದರು. 0.3. ಅದು ಪರವಾಗಿಲ್ಲ. ಹಾಗೇ ಮೈನಸ್ಸಿಂದ ಮೈನಸ್ಸಿಗೆ ಹಿಡಿದರು. 3.1! ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಕಡೆಗೆ ಒಂದು ಉದ್ದನೆಯ ವೈರನ್ನು ಬ್ಯಾಟರಿಯ ಮೈನಸ್ಸಿಂದ ನೇರ ಲೈಟಿನ ಮೈನಸ್ಸಿಗೆ ಮುಟ್ಟಿಸಿ, ನಾಲ್ಕನೆಯದನ್ನು ಹಚ್ಚಿದರು. ನಾಲ್ಕೂ ಕಣ್ಣು ಮಿಟುಕಿಸದೆ ಉರಿದವು.

ನನ್ನ ಮೀಟರು ಸುಳ್ಳು ಹೇಳಿರಲಿಲ್ಲ. ಮೀಟರು ಎಳೆಯುವ ಕರೆಂಟು ಎಷ್ಟು ಕಡಿಮೆ ಅಂದರೆ, ಒಂದೇ ಎಳೆ ಮುಟ್ಟಿಕೊಂಡಿದ್ದ ಜಾಯಿಂಟಿನಲ್ಲೂ ಅದಕ್ಕೆ ಪೂರ್ತಿ ವೋಲ್ಟ್ ಕಾಣುತ್ತದೆ. ಪೈಪು ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದಲ್ಲ, ಅದೇ ಲೆಕ್ಕ. ನೀರು ಬಿಟ್ಟಾಗಲೇ ಗೊತ್ತಾಗೋದು.

ಜಾಯಿಂಟು ಸಿಕ್ಕಿದ್ದು ಬಲಗಡೆಯ ಮಲಗುವ ಹಲಗೆಯ ಹಿಂದೆ, ಕಿಟಕಿಯ ಕೆಳಗೆ. ಕಿಟಕಿಯ ರಬ್ಬರು ಸೋರುತ್ತಿದ್ದದ್ದು ನನಗೆ ಗೊತ್ತಿತ್ತು, ಒರೆಸಿ ಸುಮ್ಮನಾಗುತ್ತಿದ್ದೆ. ಮೊದಲಿನ ಮಾಲೀಕರು ನಾಲ್ಕೂ ಲೈಟಿನ ಮೈನಸ್ ವೈರುಗಳನ್ನು ಅಲ್ಲಿ ಒಟ್ಟಿಗೆ ತಿರುಚಿ ಕಪ್ಪು ಟೇಪು ಸುತ್ತಿದ್ದರು. ಟೇಪಿನ ಅಂಟು ಜೋನಿಬೆಲ್ಲದ ಹಾಗೆ ಇಳಿದಿತ್ತು. ಬಿಚ್ಚಿದರೆ ಒಳಗೆ ಹಸಿರು ಪುಡಿ, ತಾಮ್ರದ ಕಿಲುಬು. ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಲೆಕ್ಕ ಹಾಕಿದರೆ ಮೂರು ಲೈಟು ಉರಿಯುವಾಗ ಅಲ್ಲಿ ಸುಮಾರು ಮೂರು ವ್ಯಾಟು ಶಾಖವಾಗಿ ಹೋಗುತ್ತಿತ್ತು. ಅಂದರೆ ನಾನು ನಾಲ್ಕನೆಯದನ್ನು ಹಚ್ಚುವ ಮೊದಲೇ ಅದರ ಪಾಲನ್ನು ಆ ಜಾಯಿಂಟು ತಿನ್ನುತ್ತಿತ್ತು. ಮರದ ಹಲಗೆಗೆ ಒರಗಿಕೊಂಡು ಬಿಸಿಯಾಗುವ ಜಾಯಿಂಟು, ಅದರ ಮೇಲೆಯೇ ನನ್ನ ದಿಂಬು. ಆವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮಿಣುಕಿದ್ದು ಯಾಕೆ? ಈ ಲೈಟಿನೊಳಗೆ ಡ್ರೈವರ್ ಅನ್ನುವ ಒಂದು ಸಣ್ಣ ಸರ್ಕ್ಯೂಟು ಇದೆ. 9ರಿಂದ 30 ವೋಲ್ಟಿನ ತನಕ ಎಷ್ಟೇ ಬರಲಿ, ಬೆಳಕು ಒಂದೇ ಸಮ ಇರಿಸುತ್ತದೆ. ವೋಲ್ಟ್ ಕಡಿಮೆಯಾದರೆ ಕರೆಂಟು ಜಾಸ್ತಿ ಎಳೆದು ಸರಿದೂಗಿಸುತ್ತದೆ. ಕಿಲುಬು ಹಿಡಿದ ಜಾಯಿಂಟಿನಲ್ಲಿ ಕರೆಂಟು ಜಾಸ್ತಿಯಾದಷ್ಟೂ ವೋಲ್ಟ್ ಇನ್ನೂ ಬೀಳುತ್ತದೆ, ಆಗ ಇದು ಇನ್ನೂ ಎಳೆಯುತ್ತದೆ. ಕಡೆಗೆ ಕೈಚೆಲ್ಲಿ ಆರುತ್ತದೆ. ಆರಿದ ಕೂಡಲೇ ವೋಲ್ಟ್ ಏರುತ್ತದೆ, ಮತ್ತೆ ಹತ್ತುತ್ತದೆ. ಹಗಲಲ್ಲಿ ಸೋಲಾರು ಬ್ಯಾಟರಿಯನ್ನು 14 ವೋಲ್ಟಿನ ಸುತ್ತ ಇಟ್ಟಿರುತ್ತಿತ್ತು, ಆ ಹೆಚ್ಚುವರಿಯಲ್ಲಿ ನಾಲ್ಕೂ ಬದುಕಿಕೊಳ್ಳುತ್ತಿದ್ದವು. ಹಾಗಾಗಿ ಭಾವನ ಕಣ್ಣೂ ಸರಿ, ನನ್ನ ಕಣ್ಣೂ ಸರಿ.

ಇದನ್ನು ಲೈಟಿನ ಗುಣ ಅನ್ನಬೇಕಾ, ದೋಷ ಅನ್ನಬೇಕಾ? ಹಳೇ ಬಲ್ಬಿದ್ದಿದ್ದರೆ ಜಾಯಿಂಟು ಕೆಡುತ್ತಾ ಬಂದ ಹಾಗೆ ಮಂಕಾಗುತ್ತಾ ಹೋಗುತ್ತಿತ್ತು. "ನೋಡು ಮಾರಾಯ, ಎಲ್ಲೋ ಏನೋ ಆಗಿದೆ" ಅಂತ ವಾರದ ಮೊದಲೇ ಹೇಳುತ್ತಿತ್ತು. ಇದು ಹಾಗಲ್ಲ. ಮನೆಯ ಕಷ್ಟ ಹೊರಗೆ ತೋರಿಸದೆ ನಗುತ್ತಾ ಇದ್ದು ಒಂದು ದಿನ ಬಿದ್ದುಬಿಡುವ ಜಾತಿಯದು. ದೋಣಿಯ ರೋಗವನ್ನು ಮುಚ್ಚಿಟ್ಟದ್ದಕ್ಕೆ ನನಗೆ ಸ್ವಲ್ಪ ಸಿಟ್ಟು ಇದೆ. ಆದರೆ ಮಾಲು ಕೆಟ್ಟದ್ದು ಅಂತ ಹೇಳುವ ಹಾಗಿಲ್ಲ.

ರಿಪೇರಿ ಖರ್ಚು 380 ರೂಪಾಯಿ. ಬ್ಯಾಟರಿ ಬಿಚ್ಚಿಟ್ಟು ಹಳೇ ವೈರನ್ನು ಕತ್ತರಿಸುತ್ತಾ ಹೋದರೆ, ಗೇಣುದ್ದ ಒಳಗೂ ತಾಮ್ರ ಕಪ್ಪಗಾಗಿತ್ತು. ಅಷ್ಟನ್ನೂ ತೆಗೆದು ತವರ ಬಳಿದ ತಾಮ್ರದ ವೈರು ಹಾಕಿದರು. ಜಾಯಿಂಟು ಒತ್ತಿ ಕೂರಿಸಿ, ಮೇಲೆ ಒಳಗಡೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ. ಬಿಸಿ ಮಾಡಿದರೆ ಅದು ವೈರನ್ನು ಕಚ್ಚಿಕೊಳ್ಳುತ್ತದೆ, ನೀರಿಗೆ ಜಾಗ ಇಲ್ಲ. ಟೇಪು ಅನ್ನುವ ಪದವನ್ನೇ ಅವರು ದೋಣಿಯಲ್ಲಿ ಕೇಳಲು ತಯಾರಿಲ್ಲ. ಕೂಲಿ ಬೇಡ ಅಂದರು. ಸಿರ್ಸಿಯಿಂದ ಬಂದಿದ್ದ ಜೋನಿಬೆಲ್ಲದ ಡಬ್ಬಿ ಕೊಟ್ಟು ಕಳಿಸಿದೆ. ಕಿಟಕಿಯ ರಬ್ಬರನ್ನು ಮರುವಾರ ನಾನೇ ಬದಲಿಸಿದೆ.

ಅದಾದ ಮೇಲೆ ಇನ್ನೊಂದು ಮಳೆಗಾಲ ದಾಟಿತು. ಒಂದು ಸಲವೂ ಮಿಣುಕಿಲ್ಲ. ಲೈಟಿನ ತಟ್ಟೆಯೊಳಗೆ ನೀರು, ಹುಳ ಏನೂ ಹೊಕ್ಕಿಲ್ಲ.

ಕೆಂಪು ಬೆಳಕನ್ನು ನಾನು ಮೊದಲು ಆಟದ ಸಾಮಾನು ಅಂದುಕೊಂಡಿದ್ದೆ. ಈಗ ಜಾಸ್ತಿ ಬಳಸುವುದು ಅದನ್ನೇ. ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಬಿಳಿ ಬೆಳಕು ಒಂದು ಕ್ಷಣದಲ್ಲಿ ಅದನ್ನು ಕೆಡಿಸುತ್ತದೆ. ಕೆಂಪಿನಲ್ಲಿ ಲೋಟ, ಚಪ್ಪಲಿ ಹುಡುಕಿಕೊಂಡು ಮೇಲೆ ಹತ್ತಿದರೆ ದೇವಗಡದ ದೀಪಸ್ತಂಭದ ಮಿಂಚೂ ಕಾಣುತ್ತದೆ, ಅದರ ಸುತ್ತಲಿನ ನಕ್ಷತ್ರಗಳೂ ಕಾಣುತ್ತವೆ. ಆದರೆ ಇದನ್ನು ಮಾಡಿದವರು ರಾತ್ರಿ ದೋಣಿಯಲ್ಲಿ ಮಲಗಿದವರಲ್ಲ. ಕೆಂಪಿಗೆ ಹೋಗಬೇಕಾದರೆ ಮೊದಲು ಬಿಳಿ ಹತ್ತುತ್ತದೆ! ಒತ್ತಿ ಹಿಡಿದ ಎರಡು ಸೆಕೆಂಡು ಪೂರ್ತಿ ಬಿಳಿ, ಆಮೇಲೆ ಕೆಂಪು. ನಾನು ಅಂಗೈಯಿಂದ ಮುಚ್ಚಿ ಹಿಡಿಯುತ್ತೇನೆ. ಬೆರಳು ಒದ್ದೆ ಇದ್ದರೆ ಸ್ವಿಚ್ಚಿಗೆ ಹುಚ್ಚು ಹಿಡಿಯುತ್ತದೆ, ಅದಕ್ಕೊಂದು ಬೈರಾಸು ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಸ್ಕ್ರೂಗಳು ತುಕ್ಕು ಹಿಡಿದವು, ಹನ್ನೆರಡೂ ಬದಲಿಸಿದೆ.

ಇನ್ನು ಆ ನಿಜವಾದ ಸಾಲು. ಲೈಟು ಹಚ್ಚಿದರೆ ಎಫ್‌ಎಂನಲ್ಲಿ ಜೊಯ್ಯ್ ಅಂತ ಸದ್ದು. ಅದೇ ಡ್ರೈವರಿನ ಉಪಕಾರ. ವೈರಿಗೆ ಇಂಥ ಸದ್ದು ತಡೆಯುವ ಫೆರೈಟ್ ಉಂಗುರ ಕಚ್ಚಿಸಿದ ಮೇಲೆ ಅರ್ಧ ಇಳಿದಿದೆ, ಹೋಗಿಲ್ಲ. ಸಮಾಚಾರದ ಹೊತ್ತಿಗೆ ಸ್ಟೋವಿನ ಮೇಲಿನದನ್ನು ಆರಿಸಿ ಕತ್ತಲಲ್ಲೇ ಕಷಾಯ ಕುಡಿಯುತ್ತೇನೆ.

ನಾಲ್ಕು ಸ್ಟಾರ್ ಮಾಡಿದ್ದೇನೆ. ಭಾವ ಮೂತಿಯ ಕಡೆಯ ಸಣ್ಣ ಕೋಣೆಗೆ ಇನ್ನೆರಡು ತರಿಸೋಣ ಅನ್ನುತ್ತಿದ್ದಾನೆ. ಸದ್ಯಕ್ಕೆ ಬೇಡ ಅಂದಿದ್ದೇನೆ. ಅಲ್ಲಿ ಹಲಗೆಯ ಸಂದಿನಲ್ಲಿ ಮೊನ್ನೆ ಒಂದು ಕಪ್ಪು ಟೇಪಿನ ತುದಿ ಕಂಡಿತು.